ಮೊದಲನೇ ಜೀವಕೋಶನ ಯಾರಾದ್ರೂ ಡಿಸೈನ್ ಮಾಡಿದ್ರಾ? ಮಗಳ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ

ಹಸಿರುಕಡ್ಡಿ:
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ರಾತ್ರಿ ಒಂದು ವಿಡಿಯೋ ತಂದು ತೋರಿಸಿದ್ಲು, ಬ್ಯಾಕ್ಟೀರಿಯಾದ ಬಾಲ ಇರತ್ತಲ್ಲ ಫ್ಲಾಜೆಲ್ಲಮ್, ಅದರ ಅನಿಮೇಷನ್ನು. ನಾನು ಇಪ್ಪತ್ತು ವರ್ಷದಿಂದ ಮೋಟರ್ ರಿವೈಂಡಿಂಗ್ ಕೆಲಸದಲ್ಲಿರೋನು, ಅದನ್ನ ನೋಡಿ ಮೂಗಿನ ಮೇಲೆ ಬೆರಳಿಟ್ಕೊಂಡೆ. ರೋಟರ್ ಇದೆ, ಸ್ಟೇಟರ್ ಇದೆ, ಶಾಫ್ಟ್ ಇದೆ, ಶಾಫ್ಟ್ ಪೊರೆ ದಾಟಿ ಆಚೆ ಹೋಗೋ ಜಾಗದಲ್ಲಿ ಬುಷ್ ಥರ ಉಂಗುರ ಇದೆ, ಫಾರ್ವರ್ಡ್ ರಿವರ್ಸ್ ಎರಡೂ ತಿರುಗತ್ತೆ, ಸೆಕೆಂಡಿಗೆ ನೂರಾರು ಸುತ್ತು. ಸುಮಾರು 40 ಥರದ ಪ್ರೋಟೀನ್ ಪಾರ್ಟುಗಳು, ಒಂದು ತೆಗೆದ್ರೂ ನಿಂತುಹೋಗತ್ತೆ, ಆದ್ದರಿಂದ ಇದನ್ನ ಬುದ್ಧಿ ಇರೋ ಯಾರೋ ಕೂತು ಮಾಡಿರ್ಲೇಬೇಕು ಅಂತ ವಿಡಿಯೋದಲ್ಲಿ ಹೇಳಿದ್ರು.

ನಾನು ವಿಕಾಸವಾದ, ಡಾರ್ವಿನ್ ಅಂತ ಏನೋ ಹೇಳೋಕೆ ಹೋದೆ. ಅದಕ್ಕವಳು "ಅಪ್ಪ, ವಿಕಾಸ ಶುರುವಾಗೋಕೆ ಮೊದ್ಲು ಒಂದು ಜೀವಕೋಶ ಇರ್ಬೇಕಲ್ವಾ, ಅದು ಎಲ್ಲಿಂದ ಬಂತು" ಅಂದ್ಲು. ಅಲ್ಲಿಗೆ ನನ್ನ ಮಾತು ನಿಂತೋಯ್ತು, "ಗೊತ್ತಿಲ್ಲ, ಹುಡುಕೋಣ" ಅಂದೆ. ನಾನು ದೇವರನ್ನ ನಂಬೋನು, ಅದರ ಬಗ್ಗೆ ಜಗಳ ಬೇಡ. ಆದ್ರೆ ಮಗಳಿಗೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳೋದಕ್ಕೆ ಮನಸ್ಸಿಲ್ಲ. ವಿಷಯ ತಿಳಿದೋರು ದಯವಿಟ್ಟು ಬಿಡಿಸಿ ಹೇಳಿ.

ಎರಡ್ಮಾತು:
ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದಾಳೆ. ಫ್ಲಾಜೆಲ್ಲಮ್ ಹೇಗೆ ಬಂತು ಅನ್ನೋದು ವಿಕಾಸದ ಪ್ರಶ್ನೆ, ಮೊದಲ ಕೋಶ ಹೇಗೆ ಬಂತು ಅನ್ನೋದು ರಸಾಯನಶಾಸ್ತ್ರದ ಪ್ರಶ್ನೆ. ಎರಡನ್ನೂ ಕಲಸ್ಬೇಡಿ.

ಸೂಕ್ಷ್ಮದರ್ಶಿ:
ನಾನು ಕಾಲೇಜಲ್ಲಿ ಮೈಕ್ರೋಬಯಾಲಜಿ ಪಾಠ ಮಾಡ್ತೀನಿ, ಪ್ರತಿ ವರ್ಷ ಯಾರಾದ್ರೂ ಒಬ್ರು ಈ ವಿಡಿಯೋ ಹಿಡ್ಕೊಂಡು ಬರ್ತಾರೆ. ಈ ವಾದ ಮಾಡಿದ್ದು ಮೈಕೆಲ್ ಬೀಹಿ ಅನ್ನೋ ಅಮೆರಿಕದ ಬಯೋಕೆಮಿಸ್ಟು, 1996ರಲ್ಲಿ. ಅವರು ಕೊಟ್ಟ ಉದಾಹರಣೆ ಇಲಿಬೋನು. ಹಲಗೆ, ಸ್ಪ್ರಿಂಗು, ಕೊಕ್ಕೆ, ಇವುಗಳಲ್ಲಿ ಒಂದು ತೆಗೆದ್ರೂ ಇಲಿ ಬೀಳಲ್ಲ, ಹಾಗಾಗಿ ಅರ್ಧಂಬರ್ಧ ಇಲಿಬೋನಿಂದ ಉಪಯೋಗ ಇಲ್ಲ, ಒಂದೊಂದೇ ಹೆಜ್ಜೆ ಇಟ್ಟು ಅದು ಆಗಿರೋಕೆ ಸಾಧ್ಯ ಇಲ್ಲ ಅನ್ನೋದು ಅವರ ಮಾತು.

ಇದ್ರಲ್ಲಿ ತಪ್ಪಿರೋದು ಒಂದೇ ಕಡೆ. ಅರ್ಧ ಇಲಿಬೋನು ಇಲಿ ಹಿಡಿಯಲ್ಲ ನಿಜ, ಹಾಗಂತ ಅದು ಬೇರೆ ಯಾವ ಕೆಲಸಕ್ಕೂ ಬರಲ್ಲ ಅಂತ ಯಾರು ಹೇಳಿದ್ರು? ಕೆನೆತ್ ಮಿಲ್ಲರ್ ಅನ್ನೋ ಜೀವವಿಜ್ಞಾನಿ ಇಲಿಬೋನಿನ ಎರಡು ಪಾರ್ಟ್ ತೆಗೆದು ಉಳಿದಿದ್ದನ್ನ ಟೈ ಕ್ಲಿಪ್ ಥರ ಹಾಕ್ಕೊಂಡು ತೋರಿಸಿದ್ರು. ಫ್ಲಾಜೆಲ್ಲಮ್‌ದೂ ಅದೇ ಕಥೆ. ಅದರ ಬುಡದಲ್ಲಿ ಹತ್ತರ ಹತ್ತಿರ ಪ್ರೋಟೀನುಗಳು ಇನ್ನೊಂದು ಯಂತ್ರದಲ್ಲೂ ಇವೆ, ಪ್ಲೇಗ್ ಬ್ಯಾಕ್ಟೀರಿಯಾ ನಮ್ಮ ಕೋಶಕ್ಕೆ ವಿಷ ಚುಚ್ಚತ್ತಲ್ಲ, ಆ ಸಿರಿಂಜಿನಲ್ಲಿ. ಅಲ್ಲಿ ಬಾಲ ಇಲ್ಲ, ಈಜಾಟ ಇಲ್ಲ, ಆದ್ರೂ ಯಂತ್ರ ಚೆನ್ನಾಗಿ ಕೆಲಸ ಮಾಡತ್ತೆ. ಹಾಗಾಗಿ ಸಿರಿಂಜಿಂದ ಮೋಟರ್ ಬಂತು ಅಂತ ವಿವರಣೆ.

ನೆಟ್ಟನೇರ:
@ಸೂಕ್ಷ್ಮದರ್ಶಿ ಮೇಡಂ, ಕೊನೇ ಸಾಲು ಸರಿಯಿಲ್ಲ ಕ್ಷಮಿಸಿ. ಜೀನ್ ಹೋಲಿಸಿ ನೋಡಿದೋರು ಸಿರಿಂಜೇ ಫ್ಲಾಜೆಲ್ಲಮ್‌ನಿಂದ ಆಮೇಲೆ ಬಂದಿರೋದು ಅಂತಾರೆ. ಡಿಸೈನ್ ಪರ ವಾದಿಸೋರು ಇದೇ ತಪ್ಪನ್ನ ಹಿಡ್ಕೊಂಡು ಜಗ್ತಾರೆ, ನಾವೇ ಅವರ ಕೈಗೆ ಯಾಕೆ ಕೊಡ್ಬೇಕು.

ಸೂಕ್ಷ್ಮದರ್ಶಿ:
ಒಪ್ಪಿದೆ, ನಾನು ಅವಸರದಲ್ಲಿ ಬರೆದೆ. ಬಾಲ ಇಲ್ದೇನೂ ಬುಡದ ಭಾಗಕ್ಕೆ ಬೇರೆ ಕೆಲಸ ಇರ್ಬಹುದು ಅನ್ನೋದಷ್ಟೇ ಅದರಿಂದ ಸಿಗೋದು. ಇದಕ್ಕಿಂತ ಗಟ್ಟಿ ಸಾಕ್ಷಿ ಅಂದ್ರೆ, ಫ್ಲಾಜೆಲ್ಲಮ್ ಒಳಗಿನ ಒಂದು ಪ್ರೋಟೀನು ನಮ್ಮೆಲ್ಲರ ಕೋಶದಲ್ಲಿ ಎಟಿಪಿ ಅನ್ನೋ ಶಕ್ತಿ ಕೊಡೋ ಅಣುನ ತಯಾರು ಮಾಡೋ ಯಂತ್ರದ ಪ್ರೋಟೀನಿಗೆ ದಾಯಾದಿ. ಅಂದ್ರೆ ಪಾರ್ಟುಗಳು ಈ ಮೋಟರಿಗೇ ಅಂತ ಎರಕ ಹೊಯ್ದು ಮಾಡಿದ್ದಲ್ಲ, ಬೇರೆ ಬೇರೆ ಕಡೆ ದುಡೀತಿದ್ದಂಥವು ಸೇರ್ಕೊಂಡಿದಾವೆ. ಇನ್ನೂ ಒಂದಿದೆ, ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳಿಗೂ ತಿರುಗೋ ಬಾಲ ಇದೆ, ಆದ್ರೆ ಅದರ ಪಾರ್ಟುಗಳಿಗೂ ಬ್ಯಾಕ್ಟೀರಿಯಾದ ಬಾಲಕ್ಕೂ ಸಂಬಂಧವೇ ಇಲ್ಲ. ಒಂದೇ ಕೆಲಸಕ್ಕೆ ಎರಡು ದಾರಿ.

ಮಣ್ಣಿನಮಡಕೆ:
ನಾನು ಡಿಸೈನ್ ಪರ ಮಾತಾಡೋನು, ಸ್ವಲ್ಪ ನಮ್ಮ ಮಾತೂ ಕೇಳಿ. ಇದೇನು ಅಮೆರಿಕದೋರು ಮೊನ್ನೆ ಹುಟ್ಟಿಸಿದ ವಾದ ಅಲ್ಲ. ವಿಲಿಯಂ ಪೇಲಿ ಹೊಲದಲ್ಲಿ ಬಿದ್ದಿರೋ ಗಡಿಯಾರದ ಉದಾಹರಣೆ ಬರೆದಿದ್ದು 1802ರಲ್ಲಿ, ಅದಕ್ಕಿಂತ ಎಂಟುನೂರು ವರ್ಷ ಹಿಂದೆನೇ ನ್ಯಾಯದರ್ಶನದ ಉದಯನಾಚಾರ್ಯರು ಇದನ್ನ ತರ್ಕಬದ್ಧವಾಗಿ ಇಟ್ಟಿದಾರೆ. ಮಡಕೆ ಕಾರ್ಯ, ಅದಕ್ಕೊಬ್ಬ ಕುಂಬಾರ ಕರ್ತೃ. ಭೂಮಿ, ಮೊಳಕೆ ಇವೂ ಕಾರ್ಯ, ಇವಕ್ಕೂ ಒಬ್ಬ ಕರ್ತೃ ಇರ್ಲೇಬೇಕು. ಮಡಕೆ ನೋಡಿ ಕುಂಬಾರನ್ನ ಊಹಿಸೋದು ತಪ್ಪಲ್ಲ ಅಂದ್ಮೇಲೆ ಜೀವಕೋಶ ನೋಡಿ ಊಹಿಸೋದು ಮಾತ್ರ ಯಾಕೆ ಮೂಢನಂಬಿಕೆ ಆಗತ್ತೆ? ಡಿಎನ್ಎ ಒಳಗೆ ಅಕ್ಷರದ ಥರ ಮಾಹಿತಿ ಇದೆ, ಬರವಣಿಗೆ ಇದ್ದಲ್ಲೆಲ್ಲ ಬರೆದವನು ಇದ್ದೇ ಇರ್ತಾನೆ, ಇದಕ್ಕೆ ವಿರುದ್ಧವಾದ ಒಂದೇ ಒಂದು ಉದಾಹರಣೆ ತೋರಿಸಿ.

ಓಲೆಗರಿ:
@ಮಣ್ಣಿನಮಡಕೆ ಅವರೇ, ಉದಯನರ ಹೆಸರು ತಂದಿದ್ದು ಖುಷಿಯಾಯ್ತು, ಆದ್ರೆ ಪೂರ್ತಿ ಕಥೆ ಹೇಳ್ಬೇಕಲ್ವಾ. ನ್ಯಾಯದ ಈಶ್ವರ ಪರಮಾಣುಗಳನ್ನ ಸೃಷ್ಟಿ ಮಾಡಲ್ಲ, ಅವು ನಿತ್ಯ, ಕುಂಬಾರನಿಗೆ ಮಣ್ಣು ಇದ್ದ ಹಾಗೆ ಅವು ಮೊದಲೇ ಇರ್ತವೆ. ಶೂನ್ಯದಿಂದ ಜಗತ್ತು ಮಾಡೋ ದೇವರಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಎರಡನೇದು, ಈ ವಾದನ ನಮ್ಮೋರೇ ಪ್ರಶ್ನೆ ಮಾಡ್ದೆ ಸುಮ್ನೆ ಬಿಟ್ಟಿಲ್ಲ. ಉದಯನರಿಗಿಂತ ಮುಂಚೆನೇ ಮೀಮಾಂಸೆಯ ಕುಮಾರಿಲ ಭಟ್ಟರು, ವೇದಕ್ಕೆ ತಲೆಬಾಗೋ ಮನುಷ್ಯ, ಸೃಷ್ಟಿಕರ್ತ ಅನ್ನೋ ಕಲ್ಪನೆನ ಹಿಡಿದು ಅಲ್ಲಾಡಿಸಿದಾರೆ. ಒಂಬತ್ತನೇ ಶತಮಾನದಲ್ಲಿ ಜಿನಸೇನಾಚಾರ್ಯರು, ಅವರನ್ನೇ ಆಧಾರ ಇಟ್ಕೊಂಡು ನಮ್ಮ ಪಂಪ ಆದಿಪುರಾಣ ಬರೆದಿದ್ದು, ಅವರು ನೇರವಾಗೇ ಕೇಳ್ತಾರೆ, ಸೃಷ್ಟಿಗೆ ಮುಂಚೆ ಅವನು ಎಲ್ಲಿದ್ದ, ಸಾಮಗ್ರಿ ಇಲ್ದೆ ಹೇಗೆ ಮಾಡಿದ, ಸಾಮಗ್ರಿ ಮೊದಲೇ ಇತ್ತು ಅಂದ್ರೆ ಅದನ್ನ ಮಾಡಿದ್ಯಾರು ಅಂತ. ಬೌದ್ಧರಲ್ಲಿ ರತ್ನಕೀರ್ತಿ, ಕಾರ್ಯ ನೋಡಿ ಕರ್ತೃವನ್ನ ಊಹಿಸೋ ಈ ಒಂದೇ ತರ್ಕನ ಖಂಡಿಸಿ ಒಂದು ಗ್ರಂಥವನ್ನೇ ಬರೆದ. ಕುಂಬಾರ ಮಡಕೆ ಮಾಡೋದನ್ನ ನಾವು ಕಣ್ಣಾರೆ ನೋಡಿದೀವಿ, ಅದಕ್ಕೇ ಮಡಕೆ ನೋಡಿ ಕುಂಬಾರನ್ನ ಊಹಿಸ್ತೀವಿ. ಬೆಟ್ಟ ಮಾಡೋನನ್ನ ಯಾರು ನೋಡಿದಾರೆ ಅನ್ನೋದು ಬೌದ್ಧರ ಆಕ್ಷೇಪದ ತಿರುಳು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದಕ್ಕೆ ಹತ್ತಿರದ ಮಾತು ಹೇಳಿದ್ದು ಅಚ್ಚಾಗಿದ್ದು 1779ರಲ್ಲಿ.

ಪುಟ್ಟಗೌಡ್ತಿ:
ಮಡಕೆ ಮರಿ ಹಾಕಲ್ಲ, ಬ್ಯಾಕ್ಟೀರಿಯಾ ಹಾಕತ್ತೆ. ಅಲ್ಲಿಗೇ ಹೋಲಿಕೆ ಮುರಿದು ಬೀಳತ್ತೆ ಅಂತ ನನ್ನ ಅನಿಸಿಕೆ.

ಸೂಕ್ಷ್ಮದರ್ಶಿ:
@ಪುಟ್ಟಗೌಡ್ತಿ ಇಡೀ ವಿಷಯದ ಜೀವಾಳನೇ ಹೇಳ್ಬಿಟ್ರಿ. ನಕಲಾಗೋದು, ನಕಲಲ್ಲಿ ಸಣ್ಣ ತಪ್ಪಾಗೋದು, ತಪ್ಪಲ್ಲಿ ಒಳ್ಳೇದು ಉಳ್ಕೊಳೋದು, ಈ ಮೂರು ಇದ್ಬಿಟ್ರೆ ಬರೆಯೋನು ಇಲ್ದೇನೂ ಮಾಹಿತಿ ಹೆಚ್ಚಾಗತ್ತೆ. ಮಡಕೆಯವರು ಉದಾಹರಣೆ ಕೇಳಿದ್ರಲ್ಲ, ರಿಚರ್ಡ್ ಲೆನ್ಸ್ಕಿ ಅನ್ನೋ ಜೀವವಿಜ್ಞಾನಿ 1988ರಲ್ಲಿ ಈ.ಕೊಲೈ ಅನ್ನೋ ಬ್ಯಾಕ್ಟೀರಿಯಾನ ತಲೆಮಾರು ತಲೆಮಾರು ಬೆಳೆಸೋ ಪ್ರಯೋಗ ಶುರು ಮಾಡಿದ್ರು. ಹನ್ನೆರಡು ಸೀಸೆಗಳಲ್ಲಿ ಒಂದರಲ್ಲಿ ಸುಮಾರು 31,500ನೇ ತಲೆಮಾರಿನ ಹೊತ್ತಿಗೆ ಬ್ಯಾಕ್ಟೀರಿಯಾ ಆಮ್ಲಜನಕ ಇರೋವಾಗ್ಲೂ ಸಿಟ್ರೇಟ್ ತಿನ್ನೋದು ಕಲಿತ್ಬಿಡ್ತು, ಆ ಜಾತಿಗೆ ಇಲ್ಲದ ಗುಣ ಅದು. ಮಾಮೂಲಾಗಿ ಆಫ್ ಆಗಿರೋ ಜೀನು ನಕಲಾಗೋವಾಗ ಬೇರೆ ಸ್ವಿಚ್ಚಿನ ಪಕ್ಕ ಹೋಗಿ ಕೂತಿತ್ತು. ಹಳೇ ತಲೆಮಾರುಗಳನ್ನ ಫ್ರೀಜರಲ್ಲಿ ಇಟ್ಟಿದಾರೆ, ಬೇಕಾದ್ರೆ ಹಿಂದಕ್ಕೆ ಹೋಗಿ ಮತ್ತೆ ಓಡಿಸಿ ನೋಡ್ಬಹುದು, ನೋಡೂ ಇದಾರೆ.

ಲೆಕ್ಕದಮೇಷ್ಟ್ರು:
ಸರಿ, ಜೀವ ಬಂದ್ಮೇಲಿಂದು ಒಪ್ಕೊಳೋಣ. ಆದ್ರೆ ಹುಡುಗಿ ಕೇಳಿದ್ದು ಮೊದಲನೇ ಕೋಶ. ಅಲ್ಲಿ ನಕಲೇ ಇಲ್ಲ, ಆಯ್ಕೆ ಎಲ್ಲಿಂದ ಬರ್ಬೇಕು? ಪ್ರೋಟೀನ್ ಅಂದ್ರೆ ಅಮೈನೋ ಆಮ್ಲ ಅನ್ನೋ 20 ಥರದ ಮಣಿಗಳ ಸರ, 100 ಅಮೈನೋ ಆಮ್ಲದ ಒಂದು ಚಿಕ್ಕ ಪ್ರೋಟೀನ್ ತಗೊಳಿ. ಪ್ರತಿ ಜಾಗಕ್ಕೂ 20 ಆಯ್ಕೆ. 20ರ ನೂರನೇ ಘಾತ ಅಂದ್ರೆ 1ರ ಮುಂದೆ 130 ಸೊನ್ನೆ. ಕಣ್ಣಿಗೆ ನಿಲುಕೋ ವಿಶ್ವದಲ್ಲಿರೋ ಪರಮಾಣುಗಳೇ 1ರ ಮುಂದೆ 80 ಸೊನ್ನೆ ಆಸುಪಾಸು ಅಂತಾರೆ. ಫ್ರೆಡ್ ಹಾಯ್ಲ್ ಏನು ಸಣ್ಣ ವಿಜ್ಞಾನಿ ಅಲ್ಲ, ಗುಜರಿ ಅಂಗಳದ ಮೇಲೆ ಸುಂಟರಗಾಳಿ ಬೀಸಿ ಬೋಯಿಂಗ್ 747 ಜೋಡಣೆ ಆದ ಹಾಗೆ ಇದು ಅಂದಿದ್ರು. ನಾನು ಧರ್ಮದ ಮಾತು ಆಡ್ತಿಲ್ಲ, ಲೆಕ್ಕ ಹೇಳ್ತಿದೀನಿ. ಡಿಎನ್ಎ ರಚನೆ ಕಂಡುಹಿಡಿದ ಕ್ರಿಕ್ ಕೂಡ ಜೀವದ ಉಗಮ ಹೆಚ್ಚುಕಮ್ಮಿ ಪವಾಡದ ಥರ ಕಾಣತ್ತೆ ಅಂತ 1981ರಲ್ಲಿ ಬರೆದಿದಾರೆ.

ನೆಟ್ಟನೇರ:
ಕ್ರಿಕ್ ಮಾತನ್ನ ಅರ್ಧಕ್ಕೆ ಕತ್ತರಿಸ್ಬೇಡಿ ಮೇಷ್ಟ್ರೇ. ಅದಾದ ಮೇಲೇನೇ ಅವರು, ಹಾಗಂತ ಮಾಮೂಲಿ ರಾಸಾಯನಿಕ ಕ್ರಿಯೆಗಳ ಸರಣಿಯಿಂದ ಅದು ಭೂಮಿ ಮೇಲೆ ಶುರುವಾಗಿರೋಕೆ ಸಾಧ್ಯ ಇಲ್ಲ ಅಂತ ತಿಳ್ಕೋಬಾರದು ಅನ್ನೋ ಅರ್ಥದ ಮಾತು ಬರೆದಿದಾರೆ. ಹಾಯ್ಲ್ ಕೂಡ ಜೀವ ಬಾಹ್ಯಾಕಾಶದಿಂದ ಬಂತು ಅಂತ ವಾದಿಸಿದೋರು.

ಲೆಕ್ಕದಮೇಷ್ಟ್ರು:
ಮುಂದಿನ ಸಾಲು ನನಗೆ ಗೊತ್ತಿರ್ಲಿಲ್ಲ. ಕ್ರಿಕ್ ಮಾತು ವಾಪಸ್ ತಗೋತೀನಿ. ಲೆಕ್ಕ ತಗೊಳಲ್ಲ.

ಲ್ಯಾಬ್‌ಹುಳ:
@ಲೆಕ್ಕದಮೇಷ್ಟ್ರು ಸರ್, ಗುಣಾಕಾರ ಸರಿಯಿದೆ, ಯಾವುದರ ಗುಣಾಕಾರ ಅನ್ನೋದರಲ್ಲಿ ತೊಂದರೆ ಇದೆ. ಆ 130 ಸೊನ್ನೆ ಒಂದು ನಿರ್ದಿಷ್ಟ ಪ್ರೋಟೀನ್ ಒಂದೇ ಏಟಿಗೆ ಸಿಗೋದಕ್ಕೆ. ಆದ್ರೆ ಒಂದೇ ಕೆಲಸನ ಎಷ್ಟೋ ಬೇರೆ ಬೇರೆ ಪ್ರೋಟೀನು ಮಾಡ್ತವೆ. 2001ರಲ್ಲಿ ಕೀಫ್ ಮತ್ತೆ ಶೋಸ್ಟಾಕ್ ಅನ್ನೋ ವಿಜ್ಞಾನಿಗಳು ಇದನ್ನ ಅಳೆದೇ ನೋಡಿದ್ರು. ಸುಮ್ನೆ ಎಲ್ಲೆಂದ್ರಲ್ಲಿ ಜೋಡಿಸಿದ 80 ಅಮೈನೋ ಆಮ್ಲದ ಸರಪಳಿಗಳು, 6 ಲಕ್ಷ ಕೋಟಿ ಸರಪಳಿ. ಅದರಲ್ಲಿ ಎಟಿಪಿನ ಹಿಡ್ಕೊಳೋವು ಬೇಕು ಅಂತ ಜಾಲಾಡಿದ್ರು. ನಿಮ್ಮ ಲೆಕ್ಕದ ಪ್ರಕಾರ ಒಂದೂ ಸಿಗಬಾರದು. ನಾಲ್ಕು ಕುಟುಂಬ ಸಿಕ್ಕಿದವು, ಒಂದಕ್ಕೊಂದು ಸಂಬಂಧ ಇಲ್ಲದವು. ಅದು ಅಪರೂಪವೇ, ಆದ್ರೆ ಹತ್ತು ಹನ್ನೊಂದು ಸೊನ್ನೆಯ ಅಪರೂಪ. 130 ಅಲ್ಲ. ಮೇಲಾಗಿ ಜೀವ ಪ್ರೋಟೀನಿಂದಾನೇ ಶುರುವಾಯ್ತು ಅಂತ ಈಗ ಹೆಚ್ಚಿನೋರು ಹೇಳೋದೂ ಇಲ್ಲ.

ನನಗೆ ಈ ವಿಷಯ ಹುಚ್ಚು ಹಿಡಿಸಿದ್ದು ಒಂದು ಮಧ್ಯಾಹ್ನ, ಎಂಎಸ್ಸಿ ಪ್ರಾಜೆಕ್ಟಲ್ಲಿ. ಒಲಿಯಿಕ್ ಆಸಿಡ್ ಅಂತ ಎಣ್ಣೆಯಲ್ಲಿರೋ ಸಾಮಾನ್ಯ ಫ್ಯಾಟಿ ಆಸಿಡ್ಡು, ಅದನ್ನ ಪಿಎಚ್ ಎಂಟೂವರೆ ಇರೋ ಬಫರಿಗೆ, ಅಂದ್ರೆ ಸ್ವಲ್ಪ ಕ್ಷಾರೀಯ ದ್ರಾವಣಕ್ಕೆ ಹಾಕಿ ಅಲ್ಲಾಡಿಸಿದ್ವಿ. ತಿಳಿಯಾಗಿದ್ದ ನೀರು ಗಂಜಿ ಥರ ಬೆಳ್ಳಗಾಯ್ತು. ಒಂದು ಹನಿ ಸ್ಲೈಡ್ ಮೇಲಿಟ್ಟು ನೋಡಿದ್ರೆ ಉಂಡುಂಡೆ ಚೀಲಗಳು, ಒಂದರೊಳಗೆ ಇನ್ನೊಂದು, ತೆಳ್ಳಗಿನ ಪೊರೆ, ಒಳಗೆ ನೀರು. ಯಾರೂ ಜೋಡಿಸಿಲ್ಲ. ಮೇಲಿಂದ ಇನ್ನಷ್ಟು ಫ್ಯಾಟಿ ಆಸಿಡ್ ಬಿಟ್ವಿ. ಚೀಲದ ಒಂದು ಪಕ್ಕದಿಂದ ಬಾಲ ಮೂಡ್ತು, ಅದು ಉದ್ದ ಆಗ್ತಾ ಆಗ್ತಾ ಇಡೀ ಚೀಲನೇ ದಾರ ಆಯ್ತು. ಸ್ಲೈಡನ್ನ ಮೆಲ್ಲಗೆ ತಟ್ಟಿದ್ರೆ ದಾರ ತುಂಡು ತುಂಡಾಗಿ ಮತ್ತೆ ಪುಟ್ಟ ಪುಟ್ಟ ಚೀಲ. ಶೋಸ್ಟಾಕ್ ಅವರ ಲ್ಯಾಬಿನ ಪೇಪರಲ್ಲಿ ಓದಿದ್ದೆ, ಆದ್ರೂ ಕಣ್ಣಲ್ಲಿ ನೋಡಿದಾಗ ಮೈ ಜುಮ್ ಅಂತು. ಅದು ಜೀವ ಅಲ್ಲ, ಖಂಡಿತ ಅಲ್ಲ. ಆದ್ರೆ ಬೆಳೆಯೋದು, ಒಡೆದು ಎರಡಾಗೋದು, ಇವಕ್ಕೆ ಜೀನೂ ಬೇಡ ಪ್ರೋಟೀನೂ ಬೇಡ ಅಂತ ಅವತ್ತು ಅರ್ಥ ಆಯ್ತು.

ಗುಡುಗುಮಿಂಚು:
ಮಿಲ್ಲರ್ ಪ್ರಯೋಗದ ಸುದ್ದಿ ಯಾರೂ ಎತ್ತಲೇ ಇಲ್ಲಲ್ರೀ! 1952ರಾಗ ಶಿಕಾಗೋ ಯೂನಿವರ್ಸಿಟಿಯೊಳಗ ಸ್ಟ್ಯಾನ್ಲಿ ಮಿಲ್ಲರ್ ಅಂತ ಒಬ್ಬ ಪಿಎಚ್‌ಡಿ ಹುಡುಗ. ಗೈಡ್ ಹೆರಾಲ್ಡ್ ಯೂರಿ, ಆಗ್ಲೇ ನೊಬೆಲ್ ತಗೊಂಡಾವ್ರು. ಇಂಥಾ ಪ್ರಯೋಗಕ್ಕ ಕೈ ಹಾಕಿ ವರ್ಷ ಹಾಳ ಮಾಡ್ಕೋಬ್ಯಾಡ ಅಂತ ಮೊದಲ ಹಿಂದೇಟು ಹಾಕಿದ್ರಂತ. ಹುಡುಗ ಬಿಡಲಿಲ್ಲ. ಗಾಜಿನ ಬುರುಡಿಯೊಳಗ ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿ, ಕೆಳಗ ನೀರು ಕುದಿಸಿ, ಮ್ಯಾಲೆ ಮಿಂಚಿನ ಬದಲಿ ಕರೆಂಟಿನ ಕಿಡಿ ಹಾರಿಸಿದ. ಒಂದ ದಿನದಾಗ ನೀರು ಗುಲಾಬಿ ಬಣ್ಣಕ್ಕ ಬಂತು, ವಾರ ಮುಗಿಯೂದ್ರಾಗ ಕಡುಗೆಂಪು ಆಗಿ ಕದಡಿತ್ತು. ಅದರಾಗ ಗ್ಲೈಸಿನ್, ಅಲನಿನ್ ಸಿಕ್ಕವು, ನಮ್ಮ ಮೈಯಾಗಿನ ಪ್ರೋಟೀನಿನ್ಯಾಗ ಇರೂವಂಥಾವು. 1953ರಾಗ ಪೇಪರ್ ಬಂತು. ಯೂರಿ ತಮ್ಮ ಹೆಸರು ಹಾಕಸ್ಕೊಳ್ಳಲಿಲ್ಲ ನೋಡ್ರಿ, ಹಾಕಿದ್ರ ಎಲ್ಲಾ ಶ್ರೇಯಸ್ಸು ತಮಗ ಬರ್ತದ, ಹುಡುಗಗ ಏನೂ ಉಳಿಯೂದಿಲ್ಲ ಅಂತ. ಇಂಥಾ ಗುರುಗಳು ಇದ್ರು ಅಂತ ನೆನಸ್ಕೊಂಡ್ರ ಕಣ್ಣು ತುಂಬ್ತಾವ.

ಮಣ್ಣಿನಮಡಕೆ:
ಮಿಲ್ಲರ್ ಪ್ರಯೋಗಕ್ಕೆ ಗೌರವ ಇದೆ. ಆದ್ರೆ ಆಗಿನ ವಾತಾವರಣದಲ್ಲಿ ಅಷ್ಟೊಂದು ಮೀಥೇನ್ ಅಮೋನಿಯಾ ಇರ್ಲಿಲ್ಲ, ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್ ಮತ್ತೆ ಸಾರಜನಕ ಇತ್ತು ಅಂತ ಆಮೇಲೆ ವಿಜ್ಞಾನಿಗಳೇ ಹೇಳಿದ್ರಲ್ಲ? ಇನ್ನೊಂದು, ಅಮೈನೋ ಆಮ್ಲದ ಅಣುಗಳಲ್ಲಿ ಒಂದಕ್ಕೊಂದು ಕನ್ನಡಿಯ ಬಿಂಬದ ಥರ ಇರೋ ಎರಡು ರೂಪ ಇರತ್ತೆ, ಅವನಿಗೆ ಸಿಕ್ಕಿದ್ದು ಎಡಗೈ ಬಲಗೈ ಎರಡೂ ಥರದ ಅಣುಗಳ ಮಿಶ್ರಣ. ಜೀವಿಗಳ ಪ್ರೋಟೀನಿಗೆ ಎಡಗೈ ಅಮೈನೋ ಆಮ್ಲ ಮಾತ್ರ ಬೇಕು. ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಿ, ಬಳಸಿ ಹೋಗ್ಬೇಡಿ.

ಲ್ಯಾಬ್‌ಹುಳ:
ಎರಡೂ ನ್ಯಾಯವಾದ ಪ್ರಶ್ನೆಗಳು. ವಾತಾವರಣದ ವಿಷಯ ನೀವು ಹೇಳಿದ್ದು ಬಹುಮಟ್ಟಿಗೆ ನಿಜ. ಆದ್ರೆ 2008ರಲ್ಲಿ ಕಾರ್ಬನ್ ಡೈಆಕ್ಸೈಡ್, ಸಾರಜನಕ ಇಟ್ಕೊಂಡೇ ಮತ್ತೆ ಮಾಡಿದ್ರು, ನೀರು ಆಮ್ಲ ಆಗದ ಹಾಗೆ ನೋಡ್ಕೊಂಡಾಗ ಅಮೈನೋ ಆಮ್ಲ ಬಂತು. ಅದೇ ವರ್ಷ ಮಿಲ್ಲರ್ ಎತ್ತಿಟ್ಟಿದ್ದ ಹಳೇ ಸೀಸೆಗಳನ್ನ ಹೊಸ ಉಪಕರಣದಲ್ಲಿ ಪರೀಕ್ಷೆ ಮಾಡಿದಾಗ 22 ಅಮೈನೋ ಆಮ್ಲ ಸಿಕ್ತು, ಅದನ್ನ ನೋಡೋಕೆ ಮಿಲ್ಲರ್ ಇರ್ಲಿಲ್ಲ, 2007ರಲ್ಲೇ ತೀರ್ಕೊಂಡಿದ್ರು. ಗಾಳಿ ಹೇಗೇ ಇರ್ಲಿ, ಆಕಾಶದಿಂದಾನೂ ಬೀಳ್ತಿತ್ತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಹತ್ರ ಬಿದ್ದ ಉಲ್ಕೆಯಲ್ಲಿ 70ಕ್ಕಿಂತ ಹೆಚ್ಚು ಬಗೆಯ ಅಮೈನೋ ಆಮ್ಲ ಸಿಕ್ಕಿದಾವೆ. ಬೆನ್ನು ಅನ್ನೋ ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ 121.6 ಗ್ರಾಂ ಮಣ್ಣು ತಂತಲ್ಲ, ಅದರಲ್ಲಿ ಜೀವ ಬಳಸೋ 20ರಲ್ಲಿ 14 ಅಮೈನೋ ಆಮ್ಲ, ಡಿಎನ್ಎ ಮತ್ತೆ ಅದರ ದಾಯಾದಿ ಅಣು ಆರ್‌ಎನ್‌ಎ, ಇವೆರಡರ ಅಕ್ಷರಗಳಾದ ಐದೂ ಬೇಸುಗಳು ಇದ್ವು.

ಎಡಗೈ ಬಲಗೈ ವಿಷಯಕ್ಕೆ ಬಂದ್ರೆ, ಮರ್ಚಿಸನ್ನಲ್ಲಿ ಕೆಲವು ಅಣುಗಳಲ್ಲಿ ಎಡಗೈ ಜಾಸ್ತಿ ಇತ್ತು, ಅದರ ಮೇಲೆ ತುಂಬಾ ಆಸೆ ಇಟ್ಕೊಂಡಿದ್ರು. ಬೆನ್ನು ಮಣ್ಣಲ್ಲಿ ಎರಡೂ ಸಮಸಮ ಸಿಕ್ತು. ಹಾಗಾಗಿ ಇದು ಬಗೆಹರಿದಿಲ್ಲ. ನೇರ ಉತ್ತರ ಕೇಳಿದ್ರಿ, ಇದೇ ನೇರ ಉತ್ತರ.

ಬೆಳ್ಳಿಗೆರೆ:
ಸ್ವಲ್ಪ ಆಫ್ ಟಾಪಿಕ್, ಜೀವ ಹುಟ್ಟಿದ್ದು ಅಣುಗಳು ತುಂಬಿದ ಆದಿಮ ಸಾಗರದ ಸಾರಲ್ಲಿ ಅನ್ನೋ ಕಲ್ಪನೆ ಮೊದಲು ಕೊಟ್ಟೋರು 1924ರಲ್ಲಿ ರಷ್ಯಾದ ಒಪಾರಿನ್, 1929ರಲ್ಲಿ ಜೆಬಿಎಸ್ ಹಾಲ್ಡೇನ್. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, ಇಲ್ಲಿನ ಪೌರತ್ವ ತಗೊಂಡು, 1964ರಲ್ಲಿ ಭುವನೇಶ್ವರದಲ್ಲಿ ತೀರ್ಕೊಂಡ್ರು. ನಮ್ಮ ಪಠ್ಯದಲ್ಲಿ ಈ ಮಾತೇ ಇರ್ಲಿಲ್ಲ, ಇದ್ದಿದ್ರೆ ಆ ಪಾಠ ನನಗೆ ಇನ್ನೂ ಹತ್ತಿರ ಆಗ್ತಿತ್ತು.

ಕಟಕಟೆ:
ನಾನು ವಕೀಲ, ಆ ಕಡೆಯಿಂದ ಎರಡು ಮಾತು ಹೇಳ್ತೇನೆ. ಇಂಟೆಲಿಜೆಂಟ್ ಡಿಸೈನ್ ಬಗ್ಗೆ ಒಂದು ಕೇಸೇ ಆಗಿದ್ದುಂಟು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡೋವರ್ ಅಂತ ಊರು, ಅಲ್ಲಿನ ಶಾಲಾ ಮಂಡಳಿ ಒಂಬತ್ತನೇ ಕ್ಲಾಸಿನ ಜೀವಶಾಸ್ತ್ರದ ಪಿರಿಯಡ್ಡಲ್ಲಿ ಡಿಸೈನ್ ಪರವಾದ ಒಂದು ಹೇಳಿಕೆ ಓದಿ ಹೇಳ್ಬೇಕು ಅಂತ ಮಾಡಿತು. ಟೀಚರುಗಳು ಓದಲಿಕ್ಕೆ ಒಪ್ಪಲಿಲ್ಲ, ಆಡಳಿತದವರೇ ಬಂದು ಓದಿದರು. 11 ಜನ ಪೋಷಕರು ಕೋರ್ಟಿಗೆ ಹೋದರು. 2005ರ ಡಿಸೆಂಬರ್ 20ಕ್ಕೆ ಜಡ್ಜ್ ಜಾನ್ ಜೋನ್ಸ್ 139 ಪುಟದ ತೀರ್ಪು ಕೊಟ್ಟರು, ಇದು ವಿಜ್ಞಾನ ಅಲ್ಲ, ಧರ್ಮದ ಸೃಷ್ಟಿವಾದವೇ ಬೇರೆ ಹೆಸರಲ್ಲಿ ಬಂದದ್ದು ಅಂತ. ಅವರನ್ನು ನೇಮಕ ಮಾಡಿದ್ದು ಅಧ್ಯಕ್ಷ ಬುಷ್, ಹಾಗಾಗಿ ಎಡಪಂಥದ ಜಡ್ಜ್ ಅಂತ ಹೇಳುವ ಹಾಗೂ ಇಲ್ಲ.

ನನಗೆ ಮರೆಯಲಿಕ್ಕಾಗದ ಸಾಕ್ಷ್ಯ ಯಾವುದು ಗೊತ್ತುಂಟಾ? ಶಾಲೆಯವರು ಶಿಫಾರಸು ಮಾಡಿದ ಪಠ್ಯದ ಹಳೇ ಕರಡುಗಳನ್ನು ತರಿಸಿ ನೋಡಿದರು. 1987ರಲ್ಲಿ ಸುಪ್ರೀಂ ಕೋರ್ಟು ಸೃಷ್ಟಿವಾದ ಶಾಲೆಯಲ್ಲಿ ಕಲಿಸಬಾರದು ಅಂದಿತ್ತು. ಅಲ್ಲಿವರೆಗೆ ಕರಡಲ್ಲಿ ಕ್ರಿಯೇಷನಿಸ್ಟ್ಸ್ ಅಂತ ಇದ್ದ ಕಡೆ ಆಮೇಲೆ ಡಿಸೈನ್ ಪ್ರೊಪೊನೆಂಟ್ಸ್ ಅಂತ ಬಂತು. ಒಂದು ಕಡೆ ಹಳೇ ಪದ ಪೂರ್ತಿ ಅಳಿಸದೆ ಮಧ್ಯದಲ್ಲಿ ಹೊಸದನ್ನು ತುರುಕಿ, ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್ ಅಂತ ಉಳಿದುಬಿಟ್ಟಿತ್ತು. ಹಳೇ ಪದದ ತಲೆ, ಬಾಲ ಎರಡೂ ಹಾಗೇ ಉಂಟು. ಕಾಗದ ಪತ್ರ ಸುಳ್ಳು ಹೇಳುವುದಿಲ್ಲ ಮಾರಾಯ್ರೆ.

ಮಣ್ಣಿನಮಡಕೆ:
ವಿಜ್ಞಾನ ಯಾವುದು ಅಂತ ಕೋರ್ಟ್ ತೀರ್ಮಾನ ಮಾಡೋದಾ? ಗೆಲಿಲಿಯೋನನ್ನ ತಪ್ಪು ಅಂದಿದ್ದೂ ಒಂದು ವಿಚಾರಣೆನೇ.

ಕಟಕಟೆ:
ಒಳ್ಳೆ ಆಕ್ಷೇಪ. ದೇವರು ಇದ್ದಾನಾ ಇಲ್ವಾ ಅಂತ ಆ ಕೋರ್ಟು ಹೇಳಲೇ ಇಲ್ಲ, ಡಿಸೈನ್ ವಾದ ನಿಜವೇ ಇರಬಹುದು, ಅದರ ಬಗ್ಗೆ ನಾವು ಏನೂ ಹೇಳುವುದಿಲ್ಲ ಅಂತಲೇ ತೀರ್ಪಲ್ಲಿ ಉಂಟು. ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಅಂತ ಇದನ್ನು ಕಲಿಸಬಹುದಾ ಅನ್ನುವುದು ಮಾತ್ರ ಅವರ ಮುಂದಿದ್ದ ಪ್ರಶ್ನೆ. ಪಾಟೀಸವಾಲಿನಲ್ಲಿ ಬೀಹಿ ಅವರೇ, ತಮ್ಮ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತ ಆಗ್ತದೆ ಅಂತ ಒಪ್ಪಿಕೊಂಡರು.

ಪುಟ್ಟಗೌಡ್ತಿ:
ಆಮೇಲೆ ಆ ಊರಿನ ಮಂಡಳಿ ಏನಾಯ್ತು?

ಕಟಕಟೆ:
ತೀರ್ಪು ಬರುವ ಮೊದಲೇ ನವೆಂಬರಲ್ಲಿ ಚುನಾವಣೆ ಬಂತು, ಮತ್ತೆ ನಿಂತ ಎಂಟೂ ಸದಸ್ಯರು ಸೋತರು. ಎದುರು ಪಕ್ಷದ ವಕೀಲರ ಖರ್ಚು ಅಂತ ಶಾಲೆ ಸುಮಾರು 10 ಲಕ್ಷ ಡಾಲರ್ ಕಟ್ಟಬೇಕಾಯ್ತು. ಮಕ್ಕಳ ಶಾಲೆಯ ದುಡ್ಡು ಅದು, ಬೇಸರ ಆಗ್ತದೆ.

ಹಸಿರುಕಡ್ಡಿ:
ಎಲ್ಲಾ ಓದಿದೆ, ಮಗಳಿಗೂ ಓದಿಸಿದೆ. ಅವಳು ಈಗ ಎರಡು ಕೇಳ್ತಿದಾಳೆ. ಒಂದು, ಡಿಎನ್ಎ ಓದೋಕೆ ಪ್ರೋಟೀನ್ ಬೇಕು, ಪ್ರೋಟೀನ್ ಮಾಡೋಕೆ ಡಿಎನ್ಎ ಬೇಕು, ಹಾಗಿದ್ರೆ ಯಾವುದು ಮೊದಲು? ಎರಡು, ಆಗ ಜೀವ ತಾನಾಗೇ ಹುಟ್ತು ಅಂದ್ರೆ ಈಗ ಯಾಕೆ ಕೆರೆಯಲ್ಲಿ ಹೊಸದಾಗಿ ಹುಟ್ತಿಲ್ಲ?

ಸೂಕ್ಷ್ಮದರ್ಶಿ:
ಎರಡನೇದಕ್ಕೆ ಡಾರ್ವಿನ್ನರೇ 1871ರಲ್ಲಿ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಉತ್ತರ ಕೊಟ್ಟಿದಾರೆ. ಬೆಚ್ಚಗಿನ ಪುಟ್ಟ ಕೊಳದಲ್ಲಿ ಇವತ್ತು ಅಂಥ ಅಣುಗಳು ಕೂಡಿದ್ರೂ ತಕ್ಷಣ ಯಾವುದಾದ್ರೂ ಜೀವಿ ಅದನ್ನ ತಿಂದ್ಹಾಕತ್ತೆ, ಜೀವಿಗಳೇ ಇಲ್ಲದ ಕಾಲದಲ್ಲಿ ಹಾಗಾಗ್ತಿರ್ಲಿಲ್ಲ ಅಂತ. ಜೊತೆಗೆ ಈಗ ಗಾಳಿ ತುಂಬಾ ಆಮ್ಲಜನಕ ಇದೆ, ಅದು ಅಂಥ ಅಣುಗಳನ್ನ ಸುಟ್ಟುಹಾಕತ್ತೆ, ಆಗ ಇರ್ಲಿಲ್ಲ. ಕೆಲವರು ಪಾಶ್ಚರ್ ಹಂಸಕತ್ತಿನ ಫ್ಲಾಸ್ಕ್ ಇಟ್ಕೊಂಡು ಜೀವ ಜೀವದಿಂದಷ್ಟೇ ಬರತ್ತೆ ಅಂತ ಸಾಬೀತಾಗಿದೆ ಅಂತಾರೆ. ಕುದಿಸಿದ ಸಾರಲ್ಲಿ ಇವತ್ತಿನ ಸೂಕ್ಷ್ಮಜೀವಿಗಳು ದಿಢೀರ್ ಅಂತ ಹುಟ್ಟಲ್ಲ ಅನ್ನೋದು ಅವರು ತೋರಿಸಿದ್ದು. ಇಡೀ ಒಂದು ಗ್ರಹ, ಕೋಟ್ಯಂತರ ವರ್ಷ, ಇದು ಆ ಫ್ಲಾಸ್ಕಿನ ವಿಷಯ ಅಲ್ಲ. ಭೂಮಿಗೆ ಸುಮಾರು 454 ಕೋಟಿ ವರ್ಷ, ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಬಂಡೆಗಳಲ್ಲಿ ಸೂಕ್ಷ್ಮಜೀವಿಗಳ ಪದರದ ಗುರುತು ಸಿಕ್ಕಿರೋದು ಸುಮಾರು 348 ಕೋಟಿ ವರ್ಷದ್ದು.

ಲ್ಯಾಬ್‌ಹುಳ:
ಮೊದಲನೇದು ನಾನು ಹೇಳ್ತೀನಿ, ಹೋಗಿ ಮಗಳಿಗೆ ಶಹಬ್ಬಾಸ್ ಹೇಳಿ. ಈ ಗಂಟು ಬಿಚ್ಚೋಕೆ ಸಿಕ್ಕ ಎಳೆ ಆರ್‌ಎನ್‌ಎ. ಥಾಮಸ್ ಚೆಕ್, ಸಿಡ್ನಿ ಆಲ್ಟ್‌ಮನ್ ಇಬ್ರೂ ಆರ್‌ಎನ್‌ಎ ಮಾಹಿತಿ ಇಟ್ಕೊಳೋದಷ್ಟೇ ಅಲ್ಲ, ಕಿಣ್ವದ ಥರ ಕೆಲಸನೂ ಮಾಡತ್ತೆ ಅಂತ ತೋರಿಸಿದ್ರು, 1989ರಲ್ಲಿ ನೊಬೆಲ್ ಬಂತು. ಅಂದ್ರೆ ಒಂದೇ ಅಣು ಪುಸ್ತಕನೂ ಹೌದು, ಓದೋನೂ ಹೌದು. ಇನ್ನೂ ದೊಡ್ಡ ಸಾಕ್ಷಿ ನಮ್ಮ ಒಳಗೇ ಇದೆ. ಪ್ರೋಟೀನ್ ಹೆಣೆಯೋ ಯಂತ್ರ ರೈಬೋಸೋಮು, ವೆಂಕಿ ರಾಮಕೃಷ್ಣನ್ ಮತ್ತಿಬ್ಬರಿಗೆ 2009ರ ನೊಬೆಲ್ ಬಂದಿದ್ದು ಇದರ ರಚನೆಗೇ. ಅಮೈನೋ ಆಮ್ಲ ಒಂದಕ್ಕೊಂದು ಬೆಸೆಯೋ ಜಾಗ ಇದೆಯಲ್ಲ, ಅಲ್ಲಿ ನೋಡಿದ್ರೆ ಆ ಕೆಲಸ ಮಾಡ್ತಿರೋದು ಆರ್‌ಎನ್‌ಎ. ಪ್ರೋಟೀನುಗಳು ಸುತ್ತ ಊರುಗೋಲಿನ ಥರ ಇದಾವೆ. ಪ್ರೋಟೀನಿಗೂ ಮುಂಚಿನ ಕಾಲದ ಪಳೆಯುಳಿಕೆ ನಮ್ಮ ಪ್ರತಿ ಕೋಶದಲ್ಲೂ ಇವತ್ತಿಗೂ ದುಡೀತಾ ಇದೆ.

ಆದ್ರೆ ಆರ್‌ಎನ್‌ಎ ಮೊದಲು ಹೇಗೆ ಆಯ್ತು ಅನ್ನೋದು ಕಷ್ಟದ ಪ್ರಶ್ನೆ. 2009ರಲ್ಲಿ ಸದರ್ಲ್ಯಾಂಡ್ ಅನ್ನೋ ರಸಾಯನಶಾಸ್ತ್ರಜ್ಞರ ತಂಡ ಆರ್‌ಎನ್‌ಎಯ ನಾಲ್ಕರಲ್ಲಿ ಎರಡು ಇಟ್ಟಿಗೆಗಳನ್ನ ಸರಳ ಅಣುಗಳಿಂದ ಮಾಡಿ ತೋರಿಸ್ತು. ಅದರಲ್ಲೂ ಹಂತ ಹಂತಕ್ಕೆ ಮನುಷ್ಯರ ಕೈ ಇದೆ, ಯಾವುದನ್ನ ಯಾವಾಗ ಹಾಕ್ಬೇಕು ಅಂತ ತೀರ್ಮಾನ ಮಾಡಿದ್ದು ಅವರೇ. ಇನ್ನೊಂದು ಗುಂಪು ಸಮುದ್ರದಡಿಯ ಕ್ಷಾರೀಯ ಬಿಸಿನೀರಿನ ಚಿಲುಮೆಗಳೇ ತೊಟ್ಟಿಲು ಅನ್ನತ್ತೆ. 2000ದಲ್ಲಿ ಅಟ್ಲಾಂಟಿಕ್‌ನಲ್ಲಿ ಕಂಡ ಲಾಸ್ಟ್ ಸಿಟಿ ಅಂಥದ್ದು. ಎರಡು ಗುಂಪಿಗೂ ಜೋರು ಜಗಳ ನಡೀತಾನೇ ಇದೆ.

ಲೆಕ್ಕದಮೇಷ್ಟ್ರು:
ಮನುಷ್ಯರ ಕೈ ಇದೆ ಅಂತ ನೀವೇ ಒಪ್ಕೊಂಡ್ರಿ. ಹಾಗಾದ್ರೆ ನಮ್ಮ ವಾದ ನಿಂತ ಹಾಗೇ ಆಯ್ತಲ್ಲ?

ನೆಟ್ಟನೇರ:
ಇಲ್ಲ ಸರ್. ಲ್ಯಾಬಲ್ಲಿ ಮಂಜುಗಡ್ಡೆ ಮಾಡೋಕೂ ಮನುಷ್ಯ ಬೇಕು, ಅದರಿಂದ ಹಿಮಾಲಯದ ಹಿಮಕ್ಕೂ ಮನುಷ್ಯ ಬೇಕು ಅಂತ ಆಗಲ್ಲ. ಅವರ ಕೈ ಎಷ್ಟು ಮುಖ್ಯ, ಪ್ರಕೃತಿಯಲ್ಲಿ ಅದರ ಬದಲು ಏನಿತ್ತು ಅಂತ ಒಂದೊಂದಾಗಿ ಪರೀಕ್ಷೆ ಮಾಡ್ಬಹುದು. ನಾನು ನಿಮ್ಮನ್ನ ಕೇಳೋದು ಒಂದೇ, ಡಿಸೈನ್ ವಾದದಿಂದ ನಾಳೆ ಲ್ಯಾಬಲ್ಲಿ ಮಾಡ್ಬಹುದಾದ ಒಂದು ಪ್ರಯೋಗ ಹೇಳಿ. ಇಂಥದ್ದು ಕಂಡ್ರೆ ನಮ್ಮ ವಾದ ತಪ್ಪು ಅಂತ ಬಿಟ್ಬಿಡ್ತೀವಿ ಅನ್ನೋ ಥರದ್ದು.

ತಾವರೆಎಲೆ:
ನಾನೊಂದು ಸಣ್ಣ ಪರೀಕ್ಷೆ ಹೇಳ್ತೀನಿ, ಮಗಳ ಜೊತೆ ಮಾಡಿ. ಬಿಳೀ ಹಾಳೆ ಮೇಲೆ ಎಡಗಡೆ ಒಂದು ಪ್ಲಸ್ ಗುರುತು, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ದಪ್ಪ ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಪ್ಲಸ್ಸನ್ನೇ ನೋಡ್ತಾ ಹಾಳೆನ ಕೈಯಳತೆ ದೂರದಿಂದ ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ಹತ್ರ ಚುಕ್ಕೆ ಮಾಯ ಆಗತ್ತೆ. ನಮ್ಮ ಕಣ್ಣಲ್ಲಿ ನರದ ಎಳೆಗಳು ಅಕ್ಷಿಪಟಲದ ಮುಂದುಗಡೆ ಹಾದು, ಒಂದು ಕಡೆ ತೂತು ಕೊರೆದು ಹಿಂದೆ ಹೋಗ್ತವೆ. ಆ ತೂತಲ್ಲಿ ಏನೂ ಕಾಣಲ್ಲ. ಆಕ್ಟೋಪಸ್‌ಗೆ ನರ ಹಿಂದುಗಡೆಯಿಂದ ಬರತ್ತೆ, ಅದಕ್ಕೆ ಈ ಕುರುಡುಚುಕ್ಕೆ ಇಲ್ಲ. ಒಬ್ಬನೇ ಡಿಸೈನ್ ಮಾಡಿದ್ರೆ ಒಳ್ಳೇದನ್ನ ಆಕ್ಟೋಪಸ್‌ಗೆ ಕೊಟ್ಟು ನಮಗೆ ಇದನ್ನ ಯಾಕೆ ಕೊಟ್ಟ?

ಮಣ್ಣಿನಮಡಕೆ:
ಡಿಸೈನರ್ ಪರಿಪೂರ್ಣ ಆಗಿರ್ಬೇಕು ಅಂತ ನಮ್ಮ ವಾದದಲ್ಲಿ ಎಲ್ಲೂ ಇಲ್ಲ. ಅವನ ಉದ್ದೇಶ ನಮಗೆ ತಿಳಿಯದೇ ಇರ್ಬಹುದು.

ನೆಟ್ಟನೇರ:
ಅಲ್ಲೇ ಇರೋದು ನನ್ನ ತಕರಾರು. ಚೆನ್ನಾಗಿದ್ರೆ ಡಿಸೈನ್, ಚೆನ್ನಾಗಿಲ್ದೆ ಇದ್ರೆ ಉದ್ದೇಶ ತಿಳಿಯದು. ಏನು ಕಂಡ್ರೂ ಸರಿಹೋಗೋ ವಾದನ ತಪ್ಪು ಅಂತ ತೋರಿಸೋಕೆ ದಾರಿನೇ ಇಲ್ಲ. ವಿಕಾಸಕ್ಕೆ ಆ ರಕ್ಷಣೆ ಇಲ್ಲ.

ದೀಪದಕುಡಿ:
ನಾನು ದಿನಾ ಪೂಜೆ ಮಾಡೋಳು, ಜೀವವಿಜ್ಞಾನ ಓದಿದೋಳು. ನನಗೆ ಡಿಸೈನ್ ವಾದ ಇಷ್ಟ ಆಗ್ದೇ ಇರೋದು ಭಕ್ತಿಯ ಕಾರಣಕ್ಕೇ. ವಿಜ್ಞಾನಕ್ಕೆ ಗೊತ್ತಿಲ್ಲದ ಸಂದಿಯಲ್ಲಿ ದೇವರನ್ನ ಕೂರಿಸಿದ್ರೆ, ಆ ಸಂದಿ ಮುಚ್ಚಿದ ದಿನ ದೇವರಿಗೆ ಜಾಗ ಇಲ್ಲ ಅಂತ ನಾವೇ ಹೇಳಿದ ಹಾಗೆ. ನಾನು ಓದೋವಾಗ ಒಬ್ಬ ಮೇಷ್ಟ್ರು ವಿಕಾಸದ ಅಧ್ಯಾಯ ಬಂದಾಗ ಇದು ಪರೀಕ್ಷೆಗೆ ಮಾತ್ರ, ನಂಬ್ಬೇಡಿ ಅಂತ ಹತ್ತು ನಿಮಿಷಕ್ಕೆ ಮುಗಿಸಿದ್ರು. ಆಮೇಲೆ ನಾನೇ ಓದ್ಕೊಂಡು ತಿಳಿಯೋಕೆ ನಾಲ್ಕು ವರ್ಷ ಹಿಡೀತು. ಆ ಸಿಟ್ಟು ಇನ್ನೂ ಇದೆ. @ಹಸಿರುಕಡ್ಡಿ ಅಣ್ಣ, ನೀವು ಮಗಳ ಹತ್ರ "ಗೊತ್ತಿಲ್ಲ, ಹುಡುಕೋಣ" ಅಂದ್ರಲ್ಲ, ನನಗೆ ಆ ವಯಸ್ಸಲ್ಲಿ ಯಾರೂ ಹಾಗೆ ಅನ್ಲಿಲ್ಲ.

ಮಣ್ಣಿನಮಡಕೆ:
@ದೀಪದಕುಡಿ ನಿಮ್ಮ ಮಾತು ಯೋಚನೆ ಮಾಡೋ ಹಾಗಿದೆ. ನಾನು ಕರ್ತೃವಿನ ನಂಬಿಕೆ ಬಿಡಲ್ಲ. ಆದ್ರೆ ಫ್ಲಾಜೆಲ್ಲಮ್ ಮೇಲೆ ಅದನ್ನ ನಿಲ್ಲಿಸೋದು ಬೇಡ ಅಂತ ಈಗ ಅನ್ನಿಸ್ತಿದೆ. ರತ್ನಕೀರ್ತಿ ಆಕ್ಷೇಪಕ್ಕೆ ನೈಯಾಯಿಕರು ಏನು ಹೇಳ್ತಾರೆ ಅಂತ ಬೇರೆ ಥ್ರೆಡ್ ಶುರು ಮಾಡ್ತೀನಿ, @ಓಲೆಗರಿ ಅವರು ಅಲ್ಲಿಗೆ ಬನ್ನಿ.

ಓಲೆಗರಿ:
ಖಂಡಿತ ಬರ್ತೀನಿ, ಕುಮಾರಿಲರನ್ನೂ ಕರ್ಕೊಂಡೇ ಬರ್ತೀನಿ.

ಹಸಿರುಕಡ್ಡಿ:
ಇವತ್ತು ಬೆಳಿಗ್ಗೆ ಹಾಳೆ ಚುಕ್ಕೆ ಮಾಡಿದ್ವಿ. ಮಾಯ ಆದಾಗ ಅವಳು ಕಿರುಚಿದ್ದಕ್ಕೆ ಅವಳಮ್ಮ ಓಡಿ ಬಂದ್ಲು, ಅವಳೂ ಮಾಡಿ ನೋಡಿದ್ಲು. ಎರಡನೇ ಕಣ್ಣಿಗೂ ಮಾಡ್ಬೇಕಂದ್ರೆ ಹಾಳೆ ತಲೆಕೆಳಗೆ ತಿರುಗಿಸ್ಬೇಕು ಅಂತ ಮಗಳೇ ಕಂಡ್ಕೊಂಡ್ಲು. ಮೋಟರ್ ವಿಷಯದಲ್ಲಿ ಅವಳಿಗೆ ಸಮಾಧಾನ ಆಗಿದೆ, ನನಗೂ. ನಮ್ಮ ಶೆಡ್ಡಲ್ಲೂ ಪಂಪಿನ ಬೇರಿಂಗ್ ತೆಗೆದು ಬೇರೆ ಮೆಷಿನ್ನಿಗೆ ಹಾಕೋದು ದಿನದ ಕೆಲಸನೇ, ನನಗೆ ಯಾಕೆ ಹೊಳೀಲಿಲ್ವೋ. ಮೊದಲ ಕೋಶದ ವಿಷಯದಲ್ಲಿ "ಹಂಗಾದ್ರೆ ಯಾರಿಗೂ ಪೂರ್ತಿ ಗೊತ್ತಿಲ್ವಾ" ಅಂತ ಎರಡು ಸಲ ಕೇಳಿದ್ಲು. ಇಲ್ಲಮ್ಮ ಅಂದೆ. ಈಗ ಅವಳಿಗೆ ಆ ಚೀಲಗಳನ್ನ ನೋಡ್ಬೇಕಂತೆ. @ಲ್ಯಾಬ್‌ಹುಳ ಸರ್, ಅವಳ ಶಾಲೆಯಲ್ಲಿ ಒಂದು ಮೈಕ್ರೋಸ್ಕೋಪ್ ಇದೆ, ಅದರಲ್ಲಿ ಆಗತ್ತಾ?

ಲ್ಯಾಬ್‌ಹುಳ:
400 ಪಟ್ಟು ದೊಡ್ಡದು ಮಾಡೋದಾದ್ರೆ ದೊಡ್ಡ ಚೀಲಗಳು ಮಸುಕಾಗಿ ಕಾಣ್ಬಹುದು, ಪೊರೆ ತುಂಬಾ ತೆಳು, ಫೇಸ್ ಕಾಂಟ್ರಾಸ್ಟ್ ಇದ್ರೆ ಸ್ಪಷ್ಟ. ಬೆಳಕು ಕಮ್ಮಿ ಮಾಡಿ, ಡಯಾಫ್ರಮ್ ಸಣ್ಣ ಮಾಡಿ ನೋಡೋಕೆ ಹೇಳಿ. ಪಿಎಚ್ ಮುಖ್ಯ, ಜಾಸ್ತಿ ಆದ್ರೆ ಪೂರ್ತಿ ಕರಗಿ ಸಾಬೂನು ನೀರಾಗತ್ತೆ, ಕಮ್ಮಿ ಆದ್ರೆ ಎಣ್ಣೆ ಹನಿಯಾಗಿ ತೇಲತ್ತೆ. ಅವಳ ವಿಜ್ಞಾನದ ಟೀಚರ್‌ನ ಜೊತೆಗೆ ಸೇರಿಸ್ಕೊಳಿ, ನನಗೆ ಇನ್‌ಬಾಕ್ಸ್ ಮಾಡಿ, ಎಷ್ಟೆಷ್ಟು ಹಾಕ್ಬೇಕು ಅಂತ ಬರೆದು ಕಳಿಸ್ತೀನಿ.